ಎರಡು ಸಂಬಳ, ಒಂದೇ ಬೈಕು

ವಿಯೆಟ್ನಾಂನ ಉತ್ತರ ತುದಿಯಲ್ಲಿರುವ ಹಾ ಜಿಯಾಂಗ್ ಬೆಟ್ಟಗಳನ್ನು ಗಂಡ ಹೆಂಡತಿ ಬೈಕಿನಲ್ಲಿ ಸುತ್ತಿ ಬರುವುದು ಈಗ ನಮ್ಮ ಮಧ್ಯಮ ವರ್ಗದ ಕೈಗೆಟುಕುವ ಆಸೆ. ಇ-ವೀಸಾಕ್ಕೆ 25 ಡಾಲರ್ ಸಾಕು. ಸುಮಾರು 350 ಕಿ.ಮೀ. ಸುತ್ತು ಮೂರು ನಾಲ್ಕು ದಿನದಲ್ಲಿ ಮುಗಿಯುತ್ತದೆ. ಟಿಕೆಟ್, ಹೋಟೆಲು, ಬೈಕ್ ಬಾಡಿಗೆ, ಪೆಟ್ರೋಲು ಎಂದು ಬರೆದು ಕೂಡಿಸಿದರೆ ಬರುವ ಮೊತ್ತವೂ ಎದೆ ನಡುಗಿಸುವಂಥದ್ದಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಬಾಬ್ತು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಭಾರತದ ಲೈಸೆನ್ಸ್ ಮಾತ್ರ ಇರುವ ದಂಪತಿ ಆ ದೇಶದಲ್ಲಿ ತಾವೇ ಬೈಕ್ ಓಡಿಸಬಾರದು, ಓಡಿಸಲೇಬೇಕು ಎನ್ನುವವರು ದೇಶವನ್ನೇ ಬದಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಧೈರ್ಯದ ಪ್ರಶ್ನೆಯಲ್ಲ, ದುಡ್ಡಿನ ಪ್ರಶ್ನೆ.

ನಮ್ಮ ಆರ್‌ಟಿಓ 1,000 ರೂಪಾಯಿ ಕಟ್ಟಿಸಿಕೊಂಡು ಒಂದು ವರ್ಷಕ್ಕೆ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡುವಂಥದ್ದು. ವಿಯೆಟ್ನಾಂ ಒಪ್ಪಿಕೊಂಡಿರುವುದು 1968ರ ವಿಯೆನ್ನಾ ಒಪ್ಪಂದವನ್ನು. ಹಾಗಾಗಿ ಇಲ್ಲಿ ಚೆನ್ನಾಗಿಯೇ ಬೈಕ್ ಓಡಿಸುವವರು, ಎಲ್ಲ ಕಾಗದ ಜೋಡಿಸಿಕೊಂಡು ಹೋದವರು ಕೂಡ ಅಲ್ಲಿನ ಕಾನೂನಿನ ಕಣ್ಣಿಗೆ ಲೈಸೆನ್ಸ್ ಇಲ್ಲದ ಸವಾರರು. ಸಿಕ್ಕಿಬಿದ್ದರೆ ದಂಡವಿದೆ. 2025ರಿಂದ ಅದು ಹೆಚ್ಚಾಗಿ, 125 ಸಿಸಿವರೆಗಿನ ಬೈಕಿಗೆ 20ರಿಂದ 40 ಲಕ್ಷ ಡಾಂಗ್, ಅಂದರೆ ಸುಮಾರು 7ರಿಂದ 14 ಸಾವಿರ ರೂಪಾಯಿ ಆಗಿದೆ. ಅದನ್ನು ಕಟ್ಟಿ ಕೈತೊಳೆದುಕೊಳ್ಳಬಹುದು. ಕೈತೊಳೆದುಕೊಳ್ಳಲಾಗದ್ದು ವಿಮೆಯ ಮಾತು. ಪ್ರವಾಸ ವಿಮೆಯ ಪಾಲಿಸಿ ಕೈಗೆ ಬಂದರೆ ನಾನು ಮೊದಲು ಓದುವುದು ಅದು ಏನನ್ನು ಕೊಡುವುದಿಲ್ಲ ಎಂಬ ಭಾಗವನ್ನು. ಆ ದೇಶದಲ್ಲಿ ಊರ್ಜಿತವಾದ ಲೈಸೆನ್ಸ್ ಇರಬೇಕು, ಹೆಲ್ಮೆಟ್ ಹಾಕಿರಬೇಕು, ಇಷ್ಟು ಸಿಸಿ ಮೀರಬಾರದು, ಕಾನೂನು ಮುರಿದಾಗ ಆದ ಗಾಯಕ್ಕೆ ಹಣವಿಲ್ಲ ಎಂಬ ಷರತ್ತುಗಳು ಇರುವುದು ಅಲ್ಲಿಯೇ. ಕ್ಲೇಮ್ ಹಾಕಿದ ಮೇಲೆ ಕಂಪನಿ ಪೊಲೀಸ್ ವರದಿಯನ್ನೂ ಲೈಸೆನ್ಸಿನ ಪ್ರತಿಯನ್ನೂ ಕೇಳುತ್ತದೆ. ಊರಿನಲ್ಲಿ ವರ್ಷವರ್ಷ ಕಂತು ಕಟ್ಟುವ ಆರೋಗ್ಯ ವಿಮೆ ಬಹುಪಾಲು ಭಾರತದ ಆಸ್ಪತ್ರೆಗಳಿಗಷ್ಟೇ ಸೀಮಿತ.

ಒಂಟಿ ಸವಾರನಿಗಿಂತ ದಂಪತಿಯ ಲೆಕ್ಕ ಇಲ್ಲಿ ಕಠಿಣವಾಗುತ್ತದೆ. ಇಬ್ಬರೂ ದುಡಿಯುವ ಮನೆಯ ದೊಡ್ಡ ಬಲವೆಂದರೆ ಒಬ್ಬರ ಸಂಬಳ ನಿಂತರೂ ಇನ್ನೊಬ್ಬರದು ಬರುತ್ತದೆ ಎಂಬ ಭರವಸೆ. ಗೃಹಸಾಲದ ಇಎಂಐ, ಮಕ್ಕಳ ಫೀಸು, ಅಪ್ಪ ಅಮ್ಮನ ಔಷಧಿ ಎಲ್ಲವೂ ನಿಂತಿರುವುದು ಅದರ ಮೇಲೆ. ಇಬ್ಬರೂ ಒಂದೇ ಬೈಕಿನ ಮೇಲೆ ಕೂತ ಗಳಿಗೆಯಿಂದ ಆ ಬಲ ಇಲ್ಲವಾಗುತ್ತದೆ. ಟರ್ಮ್ ಇನ್ಶೂರೆನ್ಸ್ ಇದೆಯಲ್ಲ ಎನ್ನುವವರಿದ್ದಾರೆ. ಸಾವು ಸಂಭವಿಸಿದರೆ ಅದು ಸಾಮಾನ್ಯವಾಗಿ ಹಣ ಕೊಡುತ್ತದೆ, ನಿಜ. ಕಾಲು ಮುರಿದು ಆರು ತಿಂಗಳು ಮಲಗಿದವರಿಗೆ, ಬೆನ್ನುಮೂಳೆಗೆ ಪೆಟ್ಟಾದವರಿಗೆ ಅದು ಬಿಡಿಗಾಸೂ ಕೊಡುವುದಿಲ್ಲ. ಬೈಕ್ ಅಪಘಾತದಲ್ಲಿ ಸಂಸಾರವನ್ನು ಸಾಲಕ್ಕೆ ದೂಡುವುದು ಹೆಚ್ಚಾಗಿ ಇಂಥ ಗಾಯಗಳೇ. ಎದುರಿನವರಿಗೆ ಪೆಟ್ಟಾದರಂತೂ ಪರಿಹಾರ ನಮ್ಮ ಜೇಬಿನಿಂದಲೇ ಹೋಗಬೇಕು.

ಎಲ್ಲರೂ ಓಡಿಸುತ್ತಾರೆ, ಅಂಗಡಿಯವರು ಲೈಸೆನ್ಸ್ ಕೇಳುವುದೇ ಇಲ್ಲ ಎಂಬುದು ಎಲ್ಲೆಲ್ಲೂ ಕೇಳುವ ಮಾತು. ಬಾಡಿಗೆಯವನಿಗೆ ಬೇಕಾದ್ದು ಬಾಡಿಗೆ. ಅವನು ಕೀ ಕೊಟ್ಟ ಮಾತ್ರಕ್ಕೆ ವಿಮಾ ಕಂಪನಿ ಒಪ್ಪಿದಂತಾಗುವುದಿಲ್ಲ. 50 ಸಿಸಿಗಿಂತ ಚಿಕ್ಕ ಗಾಡಿಗೆ ಲೈಸೆನ್ಸೇ ಬೇಡವಲ್ಲ ಎಂಬ ಮಾತೂ ಸರಿಯೇ. ಆದರೆ ಇಬ್ಬರು, ಜೊತೆಗೆ ಎರಡು ಬ್ಯಾಗು ಹೊತ್ತು ಮಾ ಪಿ ಲೆಂಗ್ ಕಣಿವೆಯ ಏರನ್ನು ಅಂಥ ಗಾಡಿ ಹತ್ತುವುದು ಕಷ್ಟ. ಒಂದು ಪಕ್ಕ ಸುಣ್ಣಕಲ್ಲಿನ ಗೋಡೆ, ಇನ್ನೊಂದು ಪಕ್ಕ ನೂರಾರು ಮೀಟರ್ ಕೆಳಗೆ ಹಸಿರು ಗೆರೆಯಂತೆ ನೋ ಕ್ವೆ ನದಿ, ತಿರುವಿನಲ್ಲಿ ಎದುರಾಗುವ ಲಾರಿ, ಅದೂ ನಮಗೆ ರೂಢಿಯಿಲ್ಲದ ಬಲಬದಿಯ ಸಂಚಾರ. ಅಲ್ಲಿನ ಸವಾರರ ಹಿಂದೆ ಕೂತು ಹೋಗುವ ‘ಈಸಿ ರೈಡರ್’ ವ್ಯವಸ್ಥೆ ಇರುವುದು ಇದಕ್ಕೇ. ಗಂಡ ಒಂದು ಬೈಕಿನಲ್ಲಿ, ಹೆಂಡತಿ ಇನ್ನೊಂದರಲ್ಲಿ ಕೂತು ಹೋಗುವುದರಲ್ಲಿ ಜೊತೆ ಸವಾರಿಯ ಸುಖ ಎಲ್ಲಿ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಆ ನಷ್ಟ ನಿಜವಾದದ್ದೇ. ಆದರೂ ಇಬ್ಬರು ಸವಾರರಿಗೆ 25,000 ರೂಪಾಯಿ ಹೆಚ್ಚು ಬೀಳುತ್ತದೆ ಎಂದೇ ಇಟ್ಟುಕೊಳ್ಳಿ. ಅದನ್ನು ನಾನು ಮೋಜಿನ ಖಾತೆಗೆ ಬರೆಯುವುದಿಲ್ಲ, ವಿಮೆಯ ಖಾತೆಗೆ ಬರೆಯುತ್ತೇನೆ. ಆಗಲೂ ಹಿಂಬದಿ ಸವಾರರಿಗೆ ಪಾಲಿಸಿ ಅನ್ವಯಿಸುತ್ತದೆಯೇ ಎಂದು ನೋಡಿಕೊಳ್ಳಬೇಕು.

ಹ್ಯಾಂಡಲ್ ತಮ್ಮ ಕೈಯಲ್ಲೇ ಇರಬೇಕು ಎನ್ನುವವರಿಗೆ ಥಾಯ್ಲೆಂಡ್ ಇದೆ. ನಮ್ಮ ಜಿನೀವಾ ಪರವಾನಗಿಗೆ ಅಲ್ಲಿ ಮಾನ್ಯತೆಯಿದೆ, ಸಂಚಾರವೂ ನಮ್ಮಂತೆ ಎಡಬದಿ. ಚಿಯಾಂಗ್ ಮಾಯ್‌ನಿಂದ ಹೊರಟು ಪಾಯ್, ಮೇ ಹಾಂಗ್ ಸಾನ್, ಮೇ ಸರಿಯಾಂಗ್ ಸುತ್ತಿ ಬರುವ ಸುಮಾರು 600 ಕಿ.ಮೀ. ದಾರಿ 1,864 ತಿರುವುಗಳಿಗೆ ಹೆಸರಾದದ್ದು. ಕಾರಿನ ಲೈಸೆನ್ಸ್ ಮಾತ್ರ ಇದ್ದು ಗೇರ್ ಬೈಕಿನ ನಮೂದು ಇಲ್ಲದವರಿಗೆ ಅಲ್ಲೂ ಇದೇ ತೊಂದರೆ, ಅದನ್ನು ಊರಿನಲ್ಲೇ ಸೇರಿಸಿಕೊಂಡು ಹೊರಡಿ. ಟಿಕೆಟ್ ಬುಕ್ ಮಾಡುವ ಮೊದಲು ದೇಶದ ಹೆಸರು, ಬೈಕಿನ ಸಿಸಿ, ನಿಮ್ಮ ಪರವಾನಗಿಯ ವಿವರ, ಹಿಂದೆ ಕೂರುವವರು ಯಾರು ಎಂಬುದನ್ನೆಲ್ಲ ಬರೆದು ವಿಮಾ ಕಂಪನಿಗೆ ಇಮೇಲ್ ಕಳಿಸಿ. ಫೋನಿನಲ್ಲಿ ಸಿಗುವ ‘ಕವರ್ ಆಗುತ್ತೆ ಸಾರ್’ ಎಂಬ ಮಾತಿಗೆ ಒಪ್ಪಬೇಡಿ, ಲಿಖಿತ ಉತ್ತರ ಬರುವವರೆಗೆ ಪಾಲಿಸಿಗೆ ಹಣ ಕಟ್ಟಬೇಡಿ.