ನ್ಯಾಯಮೂರ್ತಿಗಳ ಕುಟುಂಬ ರಕ್ಷಣೆ

ಹೈಕೋರ್ಟಿನ ನ್ಯಾಯಮೂರ್ತಿಗಳು ಅಧಿಕಾರ ವಹಿಸಿಕೊಳ್ಳುವಾಗ ಭಯ, ಪಕ್ಷಪಾತ, ರಾಗ, ದ್ವೇಷಗಳಿಲ್ಲದೆ ಕರ್ತವ್ಯ ನಡೆಸುವುದಾಗಿ ಪ್ರಮಾಣ ಮಾಡುತ್ತಾರೆ. ಈ ಪ್ರಮಾಣವಚನವು ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿದೆ. ಆದರೆ ಅವರ ಮನೆಮಂದಿ ಯಾವ ಪ್ರಮಾಣವನ್ನೂ ಮಾಡಿದವರಲ್ಲ. ಆದರೂ ತೀರ್ಪಿನಿಂದ ಕೆರಳಿದವರ ಕೋಪಕ್ಕೆ ಅವರೂ ಗುರಿಯಾಗಬಹುದು.

ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡೋಣ. 2022ರ ಮಾರ್ಚ್ 15ರಂದು ಹಿಜಾಬ್ ಪ್ರಕರಣದಲ್ಲಿ ತೀರ್ಪಿತ್ತ ಮುಖ್ಯ ನ್ಯಾಯಮೂರ್ತಿ ಋತುರಾಜ್ ಅವಸ್ಥಿ, ನ್ಯಾಯಮೂರ್ತಿಗಳಾದ ಕೃಷ್ಣ ದೀಕ್ಷಿತ್ ಹಾಗೂ ಜೆ. ಎಂ. ಖಾಜಿ ಅವರಿಗೆ ಕೊಲೆ ಬೆದರಿಕೆ ಬಂದಿತು. ಅದೇ ತಿಂಗಳು ರಾಜ್ಯ ಸರ್ಕಾರವು ಮೂವರಿಗೂ ‘ವೈ’ ಶ್ರೇಣಿಯ ಭದ್ರತೆಯನ್ನು ಘೋಷಿಸಿತು. ತೀರ್ಪನ್ನು ಒಪ್ಪದವರಿಗೆ ಮೇಲ್ಮನವಿಯ ಮಾರ್ಗವಿದ್ದೇ ಇತ್ತು. ಆ ಮಾರ್ಗದಲ್ಲಿಯೇ ಪ್ರಕರಣವು ಸುಪ್ರೀಂ ಕೋರ್ಟಿಗೆ ಹೋಗಿ, ಅಕ್ಟೋಬರ್ 13ರಂದು ಅಲ್ಲಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನಿತ್ತರು.

ಬೆದರಿಕೆ ಬರಿಯ ಮಾತಾಗಿಯೇ ಉಳಿಯುತ್ತದೆಂದು ಹೇಳಲಾಗದು. 2020ರ ಜುಲೈಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಮನೆಬಾಗಿಲಿಗೆ ಬಂದ ಒಬ್ಬ ವಕೀಲ ಗುಂಡು ಹಾರಿಸಿದನು. ಅವರ ಪತಿ ಗಾಯಗೊಂಡರು. ನಮ್ಮ ವಯಸ್ಸಿನವನೇ ಆದ, ಇಪ್ಪತ್ತು ವರ್ಷದ ಮಗ ಸತ್ತನು. ನ್ಯಾಯಾಧೀಶರ ಮನೆ ವಿಳಾಸ ಮೊದಲಾದ ಖಾಸಗಿ ವಿವರಗಳನ್ನು ರಕ್ಷಿಸುವ ಕಾನೂನು 2022ರ ಡಿಸೆಂಬರಿನಲ್ಲಿ ಆತನ ಹೆಸರಿನಲ್ಲಿಯೇ ಜಾರಿಗೆ ಬಂದಿತು.

ಹಾಗಾದರೆ ಬಂದೂಕುಧಾರಿಯೊಬ್ಬನನ್ನು ಕೊಟ್ಟರೆ ಸಾಕೆ? ಸಾಲದು. 2018ರ ಅಕ್ಟೋಬರಿನಲ್ಲಿ ಗುರುಗ್ರಾಮದ ನ್ಯಾಯಾಧೀಶರೊಬ್ಬರ ಪತ್ನಿ ಮತ್ತು ಪುತ್ರ ಬಲಿಯಾದದ್ದು ಅಂಗರಕ್ಷಕನ ಗುಂಡಿಗೇ. ಕಾವಲುಗಾರರ ಆಯ್ಕೆಯೂ ಅವರ ಮನಃಸ್ಥಿತಿಯ ಪರೀಕ್ಷೆಯೂ ಕಾವಲಿನಷ್ಟೇ ಮುಖ್ಯ. 1985ರ ನ್ಯಾಯಾಧೀಶರ ಸಂರಕ್ಷಣಾ ಕಾಯ್ದೆಯ ಹೆಸರು ಕೇಳಿ ಸಮಾಧಾನಪಡುವಂತೆಯೂ ಇಲ್ಲ. ಕರ್ತವ್ಯಪಾಲನೆಗಾಗಿ ನ್ಯಾಯಾಧೀಶರ ಮೇಲೆ ಮೊಕದ್ದಮೆ ಹೂಡದಂತೆ ಅದು ತಡೆಯುತ್ತದೆಯೇ ಹೊರತು ಮನೆ ಕಾಯುವುದಿಲ್ಲ.

ಇನ್ನೊಂದು ತೊಡಕೂ ಉಂಟು. ಪೊಲೀಸು ರಾಜ್ಯದ ವಿಷಯ. ಆದುದರಿಂದ ಕಾವಲು ಕೊಡುವುದು ಸರ್ಕಾರ. ಅದೇ ಸರ್ಕಾರ ಎಷ್ಟೋ ವ್ಯಾಜ್ಯಗಳಲ್ಲಿ ಕಕ್ಷಿ. ಆದಕಾರಣ ಈ ರಕ್ಷಣೆ ಯಾರ ಕೃಪೆಯೂ ಆಗದೆ, ನಿಶ್ಚಿತ ನಿಯಮದಂತೆ ದೊರೆಯಬೇಕು.

ಇದು ದೊಡ್ಡವರ ವಿಷಯ, ನಮಗೇನೆಂದು ಕೆಲವರು ಕೇಳಬಹುದು. ಯಾದಗಿರಿ, ಶಹಾಪುರ, ಸುರಪುರಗಳಿಂದ ಹೈಕೋರ್ಟಿಗೆ ಹೋಗುವ ವ್ಯಾಜ್ಯಗಳು 2008ರಲ್ಲಿ ಆರಂಭವಾದ ಕಲಬುರಗಿ ಪೀಠದ ಮುಂದೆ ಬರುತ್ತವೆ. ಕಾಲುವೆಗೆ ಹೊಲ ಬಿಟ್ಟುಕೊಟ್ಟ ರೈತನು ಪರಿಹಾರಕ್ಕಾಗಿ ಅಲ್ಲಿ ನಿಂತಾಗ ಅವನಿಗೆ ಹಣಬಲವಿಲ್ಲ, ಜನಬಲವಿಲ್ಲ. ನ್ಯಾಯಮೂರ್ತಿಯ ನಿರ್ಭಯವೊಂದೇ ಬಲ. ಮಕ್ಕಳು ಮನೆಗೆ ಕ್ಷೇಮವಾಗಿ ಬಂದಾರೆಯೇ ಎಂಬ ಚಿಂತೆಯು ಆ ನಿರ್ಭಯವನ್ನು ಕುಂದಿಸಿದರೆ, ನಷ್ಟ ರೈತನಿಗೇ.