ಉಪಗ್ರಹಕ್ಕೆ ಕಾಣುವ ಹಸಿರು, ಗೋಮಾಳದ ಹಸಿರು

ಮರುಭೂಮೀಕರಣ ತಡೆಗಾಗಿ 1994ರಲ್ಲಿ ಅಂಗೀಕೃತವಾದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವೂ ಸದಸ್ಯ ರಾಷ್ಟ್ರವಾಗಿದೆ. ಅದರನ್ವಯ ಭೂಮಿಯ ಸ್ಥಿತಿಯನ್ನು ಅಳೆಯುವುದು ನೆಲದ ಹೊದಿಕೆ, ಉತ್ಪಾದಕತೆ ಹಾಗೂ ಮಣ್ಣಿನ ಸಾವಯವ ಇಂಗಾಲದಿಂದ. ಇವುಗಳಲ್ಲಿ ಒಂದು ಕುಸಿದರೂ ಆ ಭೂಮಿ ಅವನತಿ ಹೊಂದಿದೆಯೆಂದೇ ಲೆಕ್ಕ.

ಉತ್ಪಾದಕತೆಯನ್ನು ಉಪಗ್ರಹಚಿತ್ರಗಳಿಂದ ಅಂದಾಜಿಸಲಾಗುತ್ತದೆ. ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಿರುಗಿಸುತ್ತದೆ; ಈ ಎರಡರ ಅಂತರವೇ ಹಸಿರು ಸೂಚ್ಯಂಕಕ್ಕೆ ಆಧಾರ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 5 ದಿನಗಳಿಗೊಮ್ಮೆ ಒಂದೇ ಸ್ಥಳದ ಚಿತ್ರ ತೆಗೆಯುತ್ತವೆ. ಆ ಚಿತ್ರಗಳು ಯಾರಿಗೂ ಉಚಿತ.

ಆದರೆ ಸೂಚ್ಯಂಕವು ಹಸಿರು ಎಷ್ಟಿದೆಯೆಂದು ಹೇಳುತ್ತದೆಯೇ ಹೊರತು ಅದು ಯಾವ ಗಿಡದ್ದೆಂಬುದನ್ನಲ್ಲ. ಹುಲ್ಲಿದ್ದ ಗೋಮಾಳವನ್ನು ಬಳ್ಳಾರಿ ಜಾಲಿ ಆವರಿಸಿದರೆ, ಬೇಸಿಗೆಯಲ್ಲಿಯೂ ಹಸಿರಾಗಿರುವ ಆ ಮುಳ್ಳುಗಿಡದಿಂದಾಗಿ ನಕ್ಷೆಯಲ್ಲಿ ಅದು ‘ಸುಧಾರಣೆ’ ಎಂದೇ ತೋರಬಹುದು. ದನಕುರಿಗಳಿಗೆ ಮಾತ್ರ ಮೇವಿಲ್ಲ. ಆಫ್ರಿಕಾದ ನಮೀಬಿಯಾದಲ್ಲಿ ಪೊದೆಗಳು ಹುಲ್ಲುಗಾವಲನ್ನು ನುಂಗಿರುವುದೂ ಇದೇ ಬಗೆಯ ತೊಡಕು.

ಇಂತಹ ತಪ್ಪು ಫಲಿತಾಂಶವನ್ನು ಪುರಾವೆ ಸಹಿತ ತಿದ್ದಲು ಒಡಂಬಡಿಕೆಯ ವರದಿ ಪದ್ಧತಿಯಲ್ಲಿಯೇ ದೇಶಗಳಿಗೆ ಅವಕಾಶವಿದೆ. ಆ ಪುರಾವೆ ಇರುವುದು ಗ್ರಾಮದಲ್ಲಿ. ಗೋಮಾಳದ ಸರ್ವೆ ನಂಬರು, ಹಿಂದೆ ಅಲ್ಲಿದ್ದ ಹುಲ್ಲುಗಳ ಹೆಸರು, ಜಾಲಿ ಹಬ್ಬಿದ ಕಾಲ ಇವನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯು ಕುರಿಗಾಹಿಗಳಿಂದ ಕೇಳಿ ತಿಳಿದು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಮೂದಿಸುವುದು ಅಗತ್ಯ.