ತೆಂಗಿನ ನೆರಳು, ಜಡಿಮಳೆ ಮತ್ತು ಮೆಣಸಿನ ಗಿಡ

ಅಮ್ಮಸಂದ್ರದಿಂದ ಪ್ರಶ್ನೆ ಕೇಳಿದವರೊಬ್ಬರ ತೆಂಗಿನ ತೋಟದಲ್ಲಿ ಮೋಡ ಮುಸುಕಿದ ದಿನಗಳಲ್ಲಿ ಮೆಣಸಿನ ಗಿಡಗಳು ಹೂವುದುರಿಸಿ, ಕಟ್ಟಿದ ಕಾಯಿಗಳೂ ಕಪ್ಪು ಚುಕ್ಕೆ ಬಿದ್ದು ಕೊಳೆಯುತ್ತಿರುವುದಕ್ಕೆ ಅವರು ಊಹಿಸಿರುವಂತೆ ಚಳಿ ಕಾರಣವಾಗಿರಲಾರದು. ರಾತ್ರಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಪರಾಗ ದುರ್ಬಲಗೊಂಡು ಕಾಯಿಕಟ್ಟು ಕುಂಠಿತವಾಗುವುದು ನಿಜವಾದರೂ, ಅಮ್ಮಸಂದ್ರವಿರುವ ತುರುವೇಕೆರೆ ಸೀಮೆಯ ಮಳೆಗಾಲದಲ್ಲಿ ಅಷ್ಟು ಚಳಿ ಇರುವುದಿಲ್ಲ.

ಹೆಚ್ಚು ಸಂಭವನೀಯ ಕಾರಣಗಳೆಂದರೆ ನೆರಳು ಮತ್ತು ಬುಡದಲ್ಲಿ ನಿಲ್ಲುವ ನೀರು. ಸುಮಾರು 8ರಿಂದ 25 ವರ್ಷದ ತೆಂಗಿನ ಮರಗಳ ಗರಿಗಳು ದಟ್ಟವಾಗಿ ಕೂಡಿಕೊಂಡು ಬಿಸಿಲನ್ನು ತಡೆಯುವುದರಿಂದ, ಅಂತಹ ತೋಟದೊಳಗೆ ಮೆಣಸು ಬೆಳೆಯುವ ಹಟವನ್ನು ಬಿಟ್ಟು, ಎಳೆಯ ಅಥವಾ ಹಳೆಯ ಮರಗಳ ನಡುವೆ, ಇಲ್ಲವೇ ತೋಟದ ಅಂಚಿನಲ್ಲಿ, ಒಂದು ಗೇಣು ಎತ್ತರದ ಏರುಮಡಿ, ಅಂದರೆ ನೀರು ಬಸಿದುಹೋಗುವಂತೆ ಮಣ್ಣೇರಿಸಿದ ಪಾತಿ, ಮಾಡಿ ಸಸಿ ನೆಡುವುದು ಲೇಸು.

ಕಾಯಿಯ ಮೇಲಿನ ಕಪ್ಪು ಚುಕ್ಕೆ ಬಹುಪಾಲು ಚಿಬ್ಬುರೋಗದ ಲಕ್ಷಣ. ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರದಿಂದ ಬರುವ ಈ ರೋಗವು ಬೀಜದ ಮೂಲಕವೂ ಮಳೆಹನಿಯ ಸಿಡಿತದಿಂದಲೂ ಹರಡುವುದರಿಂದ, ಕೊಳೆತ ಕಾಯಿಗಳನ್ನು ಕಿತ್ತು ತೋಟದಾಚೆ ಹೂಳಬೇಕು, ಅವುಗಳ ಬೀಜವನ್ನು ಬಿತ್ತನೆಗೆ ಉಳಿಸಬಾರದು ಮತ್ತು ಬುಡಕ್ಕೆ ಒಣಗರಿಯ ಮುಚ್ಚಿಗೆ ಹಾಕಬೇಕು. ಈ ಸೀಮೆಯಲ್ಲಿ ಗರಿಗೆ ಕೊರತೆಯಿಲ್ಲವಷ್ಟೆ.

ತಳಿಯ ವಿಷಯದಲ್ಲಿ, ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದುದೇ ಹೊರತು ಖಾರಕ್ಕಲ್ಲ. ಖಾರವೇ ಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್ ತಳಿಯನ್ನು, ಮನೆಬಳಕೆಗಷ್ಟೇ ಆದರೆ ಮಲೆನಾಡಿನ ಮಳೆಯಲ್ಲೂ ಹಲವು ವರ್ಷ ಬದುಕುವ ಸೂಜಿಮೆಣಸನ್ನು ಆರಿಸಬಹುದು. ಎಲೆಗಳೂ ಮುದುಡುತ್ತಿದ್ದರೆ ಅದು ಥ್ರಿಪ್ಸ್ ಅಥವಾ ಮೈಟ್ ನುಸಿಯ ಕೆಲಸವಿರಬಹುದಾದ್ದರಿಂದ, ಮದ್ದು ಕೊಳ್ಳುವ ಮೊದಲು ಗಿಡದ ಒಂದು ರೆಂಬೆಯನ್ನು ತಿಪಟೂರು ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸುವುದು ಉಚಿತ.